ಸಮುದ್ರವಿಲ್ಲದ ಬೀಚ್ ವಾಲಿಬಾಲ್

ನನ್ನ ಸೋದರಮಾವ ಯಾವ ಪಂದ್ಯವನ್ನೂ ಸೋತವರಲ್ಲ. ಗೆದ್ದದ್ದನ್ನೂ ಯಾರೂ ಕಂಡಿಲ್ಲ, ಆ ಮಾತು ಬೇರೆ!

ಅಪ್ಪನಿಗೆ ಕೇಂದ್ರ ಸರ್ಕಾರದ ಕೆಲಸ, ನಮ್ಮ ವಾಸ ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ. ಜೌಗು ನೆಲಕ್ಕೆ ನದಿಯ ಮರಳು ತುಂಬಿ ಎಬ್ಬಿಸಿದ ಬಡಾವಣೆ ಅದು; ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪಕ್ಕದ ಬೀದಿಯಲ್ಲಿ ಮಾವ, ಅತ್ತೆ. ಉಡುಪಿ ಕಡೆಯ ಮಾವನಿಗೆ ಜಾದವ್‌ಪುರದಲ್ಲಿ ಇಡ್ಲಿ-ದೋಸೆಯ ಸಣ್ಣ ಹೋಟೆಲು. ಎಡರಂಗ ಆಳುತ್ತಿದ್ದ ಆ ವರ್ಷಗಳಲ್ಲಿ ಬಂದ್‌ಗಳಿಗೇನು ಬರವೆ? ಬಂದ್ ಎಂದರೆ ಬಸ್ಸಿಲ್ಲ, ಹೋಟೆಲೂ ಇಲ್ಲ. ಅಂಥ ಒಂದು ದಿನ ಮಾವ ತಮ್ಮ ಮನೆಯೆದುರಿನ ಖಾಲಿ ಸೈಟಿನಲ್ಲಿ ಎರಡು ಬಿದಿರು ನೆಟ್ಟು, ಬಲೆ ಕಟ್ಟಿ, ಇನ್ನು ಇಲ್ಲಿ ಬೀಚ್ ವಾಲಿಬಾಲ್ ಎಂದು ಸಾರಿದರು. ಬೀಚ್ ಎಲ್ಲಿದೆ ಎಂದು ಅಪ್ಪ ಕೇಳಿದರು.

“ಮರಳು ಉಂಟಲ್ಲ ಭಾವ. ಸಮುದ್ರ ಮತ್ತೆ ಬರ್ತದೆ.”

ಮುಂದಿನ ವಾರದ ಮಳೆಗೆ ಸೈಟಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಮಾವ ಅಪ್ಪನನ್ನು ಕರೆದೊಯ್ದು ತೋರಿಸಿ ಬಂದರು!

ಒಂದು ಕಡೆ ನಾವು ಕನ್ನಡದವರು, ಇನ್ನೊಂದು ಕಡೆ ಬೀದಿಯ ಬಂಗಾಳಿಗಳು. ಕಾಲೇಜಿಗೆ ಹೋಗುತ್ತಿದ್ದ ನಾನೂ ಆಡುತ್ತಿದ್ದೆ. ಯಾರೇ ಸೋತರೂ ಮಾವನಿಗೆ ಸಹಿಸಲಾಗದು. ನಾವು ತುಸು ಮುಂದೆ ಹೋದೆವೋ, ಬಲೆಯಡಿ ನುಸುಳಿ ಆ ಕಡೆ ಸೇರುವರು. ಅವರು ಮುಂದಾದರೆ ಈ ಕಡೆ. ಸಮವಾದರೆ? ಬಲೆಯ ಕೆಳಗೇ ನಿಲ್ಲುವರು! ಅಂಕಗಳನ್ನು ನಾವು ಕನ್ನಡದಲ್ಲಿ, ಅವರು ಬಂಗಾಳಿಯಲ್ಲಿ, ಮಾವ ತುಳುವಿನಲ್ಲಿ ಎಣಿಸುತ್ತಿದ್ದರಿಂದ ಒಮ್ಮೆ ಎರಡೂ ತಂಡಗಳು ಗೆದ್ದು ಕಾಫಿಗೆ ಬಂದವು. ಇನ್ನೊಮ್ಮೆ ಎರಡೂ ಸೋತವು. ಅದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ಎದುರು ತಂಡದ ಹಿರಿಯರೊಬ್ಬರು ರೋಸಿಹೋಗಿ, ಅಷ್ಟಕ್ಕೂ ನೀವು ಎಡವೋ ಬಲವೋ ಎಂದು ಮಾವನನ್ನು ಕೇಳಿದರು. ಆ ಊರಿನಲ್ಲಿ ಇದು ಸಾಮಾನ್ಯ ಪ್ರಶ್ನೆಯೆ? ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಹೇಳುತ್ತೇನೆ ಎಂದರು ಮಾವ. ಅವರು ಹೇಳಿದ್ದು ಚೆಂಡಿನ ಮಾತು. ಹಿರಿಯರಿಗೆ ಅದರಲ್ಲಿ ಯಾವ ಸಿದ್ಧಾಂತ ಕಂಡಿತೋ, ಅಂದಿನಿಂದ ಮಾವನನ್ನು ಕಂಡರೆ ಕೈಮುಗಿಯತೊಡಗಿದರು.

ಆದರೆ ನಮ್ಮ ಮನೆಯಲ್ಲಿ ಮಾವನ ಈ ಆಟ ಯಾರಿಗೂ ಹಿಡಿಸಿರಲಿಲ್ಲ. ಆ ವರ್ಷ ಅತ್ತೆಯ ಚೊಚ್ಚಲು ಕೂಸು ಹುಟ್ಟಿ ಉಳಿಯಲಿಲ್ಲ. ಆಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ, ಯಾರೊಡನೆಯೂ ಮಾತಿಲ್ಲ. ಹೆಂಡತಿ ಹೀಗಿರುವಾಗ ಮರಳಲ್ಲಿ ಕುಣಿಯುತ್ತೀಯಲ್ಲ ಎಂದು ಅಮ್ಮ ತಮ್ಮನಿಗೆ ಬೈದೇ ಬೈದರು. ಮಾವ ತಲೆತಗ್ಗಿಸಿ ಕೇಳಿಸಿಕೊಂಡರು.

“ಅವಳ ಕಿಟಕಿಯಿಂದ ಕಾಣ್ತದೆ ಅಕ್ಕ,” ಎಂದರು. ಅಷ್ಟೆ.

ಚಳಿಗಾಲದಲ್ಲಿ ಆ ಸೈಟಿಗೆ ಇಟ್ಟಿಗೆ ಬಂದು ಬಿತ್ತು. ಮತ್ತೊಂದು ಬಂದ್, ಅದೇ ಕೊನೆಯ ಪಂದ್ಯವೆಂದು ಎಲ್ಲರಿಗೂ ಗೊತ್ತಿತ್ತು. ಆಟದ ನಡುವೆ ಎದುರು ಮನೆಯ ಬಾಗಿಲು ತೆರೆಯಿತು. ಅತ್ತೆ ಬರಿಗಾಲಲ್ಲಿ ಮರಳು ತುಳಿಯುತ್ತ ಬಂದರು. ಆಟ ನಿಂತಿತು. ಅವರು ಕಾಲಬಳಿ ಉರುಳಿದ ಚೆಂಡೆತ್ತಿಕೊಂಡರು.

“ನೀವೀಗ ಯಾವ ಕಡೆ ಮಾರಾಯ್ರೇ? ಕಿಟಕಿಯಿಂದ ಒಂದೂ ಗೊತ್ತಾಗುದಿಲ್ಲ.”

ಅತ್ತೆ ಸೆರಗು ಸಿಕ್ಕಿಸಿ ಚೆಂಡು ಹೊಡೆದರು. ಅದು ನೇರ ಮಾವನ ತಲೆಗೇ ಬಡಿಯಿತು. ಅತ್ತೆಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ.

ಮಾವ ಮುಖ ಮುಚ್ಚಿಕೊಂಡು ಮರಳಲ್ಲಿ ಕುಸಿದು ಕೂತರು. ಜೋರು ಪೆಟ್ಟಾಯಿತೆಂದು ನಾವೆಲ್ಲ ಓಡಿದೆವು, ಯಾರೋ ನೀರು ತಂದರು. ಅತ್ತೆ ಮಾತ್ರ ಓಡಲಿಲ್ಲ. ನಿಧಾನವಾಗಿ ಬಂದು ಪಕ್ಕದಲ್ಲಿ ಕೂತು, ಮಾವನ ಕೂದಲಿಗಂಟಿದ ಮರಳು ಕೊಡವತೊಡಗಿದರು.