ಉಗ್ರಾಣದ ಕಾಲೇಜಿಗೆ ರಜೆ ಇಲ್ಲ

ಅಂಚೆಯಲ್ಲಿ ಪಾಠ ಕಳಿಸಿ, ಮನೆಯಲ್ಲೇ ಓದಿಸಿ ಪದವಿ ಕೊಡುವ ಕಾಲೇಜಿನಲ್ಲಿ ನಗುವಂಥದ್ದೇನೂ ನಡೆಯಲಾರದು ಎಂದುಕೊಂಡೇ ನಾನು ಆ ಕೆಲಸ ಒಪ್ಪಿಕೊಂಡೆ. ವಿದ್ಯಾರ್ಥಿಗಳೇ ಕಣ್ಣಿಗೆ ಬೀಳದ ಕಡೆ ಏನು ತಾನೇ ನಡೆದೀತು? ವಾರವೆಲ್ಲ ನಂಜನಗೂಡಿನಲ್ಲಿ ಚರಿತ್ರೆ ಪಾಠ ಹೇಳಿ, ಭಾನುವಾರ ತಿ. ನರಸೀಪುರದ ಶಾಲೆಯೊಂದರ ಕೊಠಡಿಯಲ್ಲಿ ಈ ಅಂಚೆ ವಿದ್ಯಾರ್ಥಿಗಳಿಗೆ ಸಂಪರ್ಕ ತರಗತಿ ನಡೆಸುತ್ತಿದ್ದೆ. ತೊಂಬತ್ತರ ದಶಕದ ನಡುವಿನಿಂದ ಹತ್ತು ವರ್ಷ. ಬೆಚ್ಚಿ ಬೀಳದೆ ಮನೆಗೆ ಬಂದ ಭಾನುವಾರಗಳು ಕಡಿಮೆ.

೧. ಇಪ್ಪತ್ತು ನಿಮಿಷ

ನನ್ನ ವಿದ್ಯಾರ್ಥಿಗಳಲ್ಲಿ ಮೂಗೂರಿನ ಒಬ್ಬ ಬಸ್ ಕಂಡಕ್ಟರ್ ಇದ್ದ. ಖಾಕಿ ಬಟ್ಟೆಯಲ್ಲೇ ಬರುತ್ತಿದ್ದ. ಟಿಕೆಟ್ ಚೀಲವನ್ನು ಡೆಸ್ಕಿನ ಮೇಲಿಟ್ಟು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದ. ಹೊರಗೆ ಎರಡು ಸಲ ಹಾರನ್ ಆದೊಡನೆ ಎದ್ದು ನಮಸ್ಕಾರ ಮಾಡಿ ಓಡುತ್ತಿದ್ದ. ಮನೆಯಲ್ಲಿ ಏನೋ ತೊಂದರೆ ಇರಬೇಕೆಂದು ನಾನು ಕೇಳಲು ಹೋಗಲಿಲ್ಲ.

ಫ್ರಾನ್ಸಿನ ಕ್ರಾಂತಿಯ ಕಾರಣ ಮತ್ತು ಪರಿಣಾಮಗಳನ್ನು ಬರೆದು ತರಲು ಹೇಳಿದ್ದೆ. ಕಾರಣಗಳನ್ನು ನಾಲ್ಕು ಪುಟ ಬರೆದಿದ್ದ; ನಾನೇ ಅಷ್ಟು ಚೆನ್ನಾಗಿ ಬರೆಯಲಾರೆ. ‘ಪರಿಣಾಮಗಳು’ ಎಂದು ಬರೆದು, ಕೆಳಗೆ ಗೆರೆ ಎಳೆದು, ಪುಟ ಖಾಲಿ ಬಿಟ್ಟಿದ್ದ. ಹಿಂದಿನ ಉತ್ತರಗಳನ್ನು ತೆಗೆದು ನೋಡಿದರೆ ಎಲ್ಲವೂ ಅರ್ಧಕ್ಕೇ ನಿಂತಿದ್ದವು.

ಕರೆದು ಕೇಳಿದೆ. ಭಾನುವಾರವೂ ಅವನಿಗೆ ಡ್ಯೂಟಿಯಂತೆ. ರಜೆ ಕೇಳಿದರೆ, ಮನೆಯಲ್ಲಿ ಓದುವ ಓದಿಗೆ ರಜೆ ಯಾಕೆ ಎಂದು ಡಿಪೋದಲ್ಲಿ ನಕ್ಕರಂತೆ. ಬಸ್ಸು ನರಸೀಪುರದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಒಂದು ವರ್ಷದಿಂದ ಪ್ರತಿ ಪಾಠದ ಮೊದಲ ಇಪ್ಪತ್ತು ನಿಮಿಷ ಕೇಳಿದ್ದಾನೆ.

“ಕಾರಣಗೋಳು ಗೊತ್ತು ಸಾ,” ಎಂದ. “ಪರಿಣಾಮ ಬರೋವರ್ಗೂ ಬಸ್ಸು ನಿಲ್ಲಲ್ಲ.”

ಮುಂದಿನ ವಾರದಿಂದ ಪಾಠವನ್ನು ಪರಿಣಾಮಗಳಿಂದ ಶುರುಮಾಡಿದೆ.

೨. ಹಪ್ಪಳದ ಕಾರ್ಡು

ಅದೇ ವರ್ಷ ಆ ಕಂಡಕ್ಟರನ ಬೀದಿಯದೇ ಒಂದು ಮನೆಯಿಂದ ನನಗೆ ಕಾರ್ಡು ಬಂತು. ಆ ಮನೆಯ ಸೊಸೆ ನಮ್ಮಲ್ಲಿ ಬಿ.ಎ.ಗೆ ಸೇರಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು, ಒಂದು ಮಾತೂ ಆಡದೆ ಹೋಗುವ ಹುಡುಗಿ.

“ಮಾನ್ಯರೇ, ಬರುವ ಗುರುವಾರ ಹಪ್ಪಳ ಒತ್ತುವುದಿರುವುದರಿಂದ ನನ್ನ ಸೊಸೆಗೆ ಒಂದು ದಿನದ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.” ಅಕ್ಷರ ಮಾವನದು, ದುಂಡಗಿತ್ತು. ಕೆಳಗೆ ಅತ್ತೆಯ ಸಹಿ. ಒಂದೊಂದು ಅಕ್ಷರವೂ ಒಂದೊಂದು ಕಡೆ ನೋಡುತ್ತಿತ್ತು.

ನಾನು ದಂಗಾದೆ. ಗುರುವಾರ ನಮ್ಮ ಕಾಲೇಜೇ ಇಲ್ಲ. ಕಂಡಕ್ಟರನನ್ನು ವಿಚಾರಿಸಿದಾಗ ಗೊತ್ತಾಯಿತು. ದಿನಕ್ಕೆ ಎರಡು ಗಂಟೆ ಓದಬೇಕೆಂದು ನಮ್ಮ ಕೈಪಿಡಿಯಲ್ಲಿ ಅಚ್ಚಾಗಿತ್ತಲ್ಲ, ಆ ಅತ್ತೆ ಅದನ್ನು ಮಗನಿಂದ ಓದಿಸಿ ಕೇಳಿ, ಮಧ್ಯಾಹ್ನ ಎರಡರಿಂದ ನಾಲ್ಕು ಎಂದು ಗೊತ್ತು ಮಾಡಿದ್ದರು. ಉಗ್ರಾಣದಲ್ಲಿ ರಾಗಿ ಮೂಟೆಗಳ ಪಕ್ಕ ಒಂದು ಮೇಜು ಹಾಕಿಸಿದ್ದರು. ಸೊಸೆ ಮುಖ ತೊಳೆದು, ಸೀರೆ ಬದಲಾಯಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಆಮೇಲೆ ಯಾರು ಬಂದು ಕೇಳಿದರೂ ಅತ್ತೆಯದು ಒಂದೇ ಉತ್ತರ: “ಕಾಲೇಜ್ಗೋಗವ್ಳೆ.” ಕಾಲೇಜು ಅಲ್ಲಿಂದ ಹತ್ತು ಅಡಿ.

ಇಂಥ ಕಾಗದಕ್ಕೆ ಏನೆಂದು ಉತ್ತರ ಬರೆಯುವುದು? ಡ್ರಾಯರಿನಲ್ಲಿ ಹಾಕಿದೆ. ಮತ್ತೊಂದು ಬಂತು. ಅದನ್ನೂ, ಆಮೇಲೆ ಬಂದವನ್ನೂ ಅಲ್ಲೇ ಹಾಕಿದೆ.

೩. ಬಿಗಿ

ಆರು ತಿಂಗಳ ಮೇಲೆ ಒಂದು ಭಾನುವಾರ ಅತ್ತೆಯೇ ಸೊಸೆಯ ಜೊತೆ ಬಂದರು. ಎತ್ತರದ ಆಳು, ಹಣೆತುಂಬ ವಿಭೂತಿ.

“ರಜ ಕೊಡ್ದೇ ಇರೋ ಮೇಷ್ಟ್ರು ನೀವೇನಾ?”

ಹನ್ನೊಂದು ಕಾರ್ಡು ಬರೆಸಿದ್ದರಂತೆ, ಒಂದಕ್ಕೂ ಉತ್ತರ ಬರಲಿಲ್ಲವಂತೆ. ಉತ್ತರ ಬರಲಿಲ್ಲ ಎಂದರೆ ರಜೆ ಮಂಜೂರಾಗಿಲ್ಲ. ಮಂಜೂರಾಗದ ಮೇಲೆ ಕಳಿಸದೆ ಇರುವುದು ಹೇಗೆ? ಹಾಗಾಗಿ ಹಪ್ಪಳದ ದಿನ ಸೊಸೆ ಕಾಲೇಜಿನಲ್ಲಿ, ಇವರೊಬ್ಬರೇ ಒತ್ತಿದ್ದರು. ಬೀಗರು ಊಟಕ್ಕೆ ಬಂದ ದಿನ ಸೊಸೆ ಕಾಲೇಜಿನಲ್ಲಿ, ಇವರೊಬ್ಬರೇ ಪಾತ್ರೆ ತೊಳೆದಿದ್ದರು. ಕಳೆ ಕೀಳುವವರಿಗೆ ಊಟ ಹೊತ್ತುಕೊಂಡು ಹೊಲಕ್ಕೆ ಹೋಗಿದ್ದೂ ಇವರೇ.

ನನಗೆ ಕೂತ ಕುರ್ಚಿ ಸುಡುವಂತಾಯಿತು. ಅಯ್ಯೋ ತಾಯಿ, ಈ ಕಾಲೇಜಿಗೆ ರಜೆಯೇ ಬೇಡ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹಿಂದೆ ನಿಂತಿದ್ದ ಸೊಸೆ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಬೇಡ ಎನ್ನುವಂತೆ ಒಂದೇ ಒಂದು ಸಲ ತಲೆಯಾಡಿಸಿದಳು.

“ನಮ್ಮಲ್ಲಿ ನಿಯಮ ಸ್ವಲ್ಪ ಬಿಗಿ, ಅಮ್ಮ,” ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಸಡಿಲವಾಯಿತು.

“ಅಂಗೇ ಇರ್ಬೇಕು ಬುಡಿ. ಇಲ್ದಿದ್ರೆ ಉಡುಗ್ರು ಓದಾವಾ?”

೪. ಖಾಲಿ ಹಾಳೆ

ಆ ಹುಡುಗಿ ಓದಿದಷ್ಟು ನನ್ನ ಕೈಯಲ್ಲಿ ಯಾರೂ ಓದಿಲ್ಲ. ಪಾಠದ ಪುಸ್ತಕಗಳು ಮುಗಿದವೆಂದು ನನ್ನ ಮನೆಯ ಪುಸ್ತಕಗಳನ್ನು ಭಾನುವಾರಕ್ಕೆರಡರಂತೆ ಒಯ್ಯುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಯನ್ನು ನಂಜನಗೂಡಿಗೆ ಬಂದು ಬರೆದಳು. ಫಲಿತಾಂಶ ನೋಡಿ ನನ್ನ ಕಣ್ಣನ್ನೇ ನಂಬಲಿಲ್ಲ. ಎಲ್ಲದರಲ್ಲೂ ಮೊದಲ ದರ್ಜೆ, ಚರಿತ್ರೆಯಲ್ಲಿ ಸೊನ್ನೆ. ಚರಿತ್ರೆಯ ಮೇಷ್ಟ್ರು ನಾನು.

ಏನೋ ತಪ್ಪಾಗಿದೆಯೆಂದು ಮರುಪರೀಕ್ಷೆಗೆ ಕೂರಿಸಿದೆ. ಮತ್ತೆ ಸೊನ್ನೆ. ಆವತ್ತು ಕೊಠಡಿಯ ಮೇಲ್ವಿಚಾರಣೆಗಿದ್ದವರು ನನ್ನ ಸ್ನೇಹಿತರು. ಆಕೆ ಮೂರು ಗಂಟೆ ಸುಮ್ಮನೆ ಕೂತಿದ್ದು, ಖಾಲಿ ಹಾಳೆ ಕೊಟ್ಟು, ನಮಸ್ಕಾರ ಮಾಡಿ ಹೋದಳೆಂದು ಹೇಳಿದರು.

ಮುಂದಿನ ಭಾನುವಾರ ಆಕೆ ಪುಸ್ತಕ ಹಿಂದಿರುಗಿಸಲು ಬಂದಾಗ ನನ್ನ ಧ್ವನಿ ಏರಿತು. ಆಕೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಅದರ ಅಂಚು ಸರಿಮಾಡಿದಳು.

“ಪಾಸಾದ್ರೆ ಕಾಲೇಜ್ ಮುಗೀತು ಅಂತಾರೆ ಸಾರ್. ಆಮೇಲೆ ಎರಡು ಗಂಟೆಗೆ ನಾನು ಎಲ್ಲಿಗೆ ಹೋಗ್ಲಿ?”

ಅದಕ್ಕೆ ಚರಿತ್ರೆಯೇ ಯಾಕೆ ಬೇಕಿತ್ತು ಎಂದು ಮಾತ್ರ ಕೇಳಿದೆ.

“ಬೇರೆ ಮೇಷ್ಟ್ರುಗಳಾದ್ರೆ ಬೇಜಾರು ಮಾಡ್ಕೋತಾರೆ ಅಂತ.”

ಅಂಚೆಯಲ್ಲೇ ಎಂ.ಎ. ಕೂಡ ಇದೆ ಎಂದು ಹೇಳಿದೆ. ಎಷ್ಟು ವರ್ಷ ಎಂದಳು. ಎರಡು ಎಂದೆ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ಮುಂದಿನ ಸಲ ಚರಿತ್ರೆಯಲ್ಲಿ ಪರೀಕ್ಷಾ ಕೇಂದ್ರಕ್ಕೇ ಮೊದಲಿಗಳಾದಳು.

೫. ಬಾಗಿಲು

ಫಲಿತಾಂಶ ಬಂದ ವಾರ ಅತ್ತೆ ಒಬ್ಬರೇ ಬಂದರು. ಒಬ್ಬಟ್ಟಿನ ಡಬ್ಬಿಯನ್ನು ನನ್ನ ಮುಂದಿಟ್ಟು, ಇವಳ ಕಾಲೇಜು ಮುಗಿಯಿತಾ ಎಂದು ಕೇಳಿದರು. ಎಂ.ಎ. ಮಾತು ನಾನೇ ತೆಗೆದೆ, ಇನ್ನೂ ಎರಡು ವರ್ಷವಿದೆ ಎಂದೆ. ಅವರು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದರು. ಮೇಜು ಉಗ್ರಾಣದಿಂದ ಹೊರಬಿತ್ತು ಎಂದೇ ನಾನು ಎಣಿಸಿದೆ.

“ಅವಳು ಓದ್ಲಿ,” ಎಂದರು. ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. “ನಂಗೇನಾರ ಐತಾ?”

ಏನು ಓದಿದ್ದೀರಿ ಎಂದೆ. ನಾಲ್ಕನೇ ಕ್ಲಾಸು. ಸರ್ಟಿಫಿಕೇಟು ಇಲ್ಲದ ದೊಡ್ಡವರಿಗೂ ಒಂದು ಪೂರ್ವಸಿದ್ಧತೆಯ ಕೋರ್ಸು ಇದೆ ಎಂದೆ.

“ಪಾಸಾಗ್ಲೇಬೇಕಾ?”

“ಆಗದಿದ್ದರೂ ಮತ್ತೆ ಪರೀಕ್ಷೆ ಕಟ್ಟಬಹುದು.”

“ಬಾಗ್ಲಾಕ್ಕಂಡು ಕುಂತ್ಕಬೋದಾ?”

ಹಾಕಿಕೊಳ್ಳಲೇಬೇಕು ಎಂದೆ. ಆ ಮನೆಗೆ ಬಂದು ನಲವತ್ತು ವರ್ಷವಾಯಿತಂತೆ. ಒಂದು ಸಲವೂ ಬಾಗಿಲು ಹಾಕಿಕೊಂಡು ಕೂತವರಲ್ಲವಂತೆ.

“ಅಂಗಾರೆ ನನ್ನೂ ಬರ್ಕಳಿ.”

ಬರೆದುಕೊಂಡೆ. ಅರ್ಜಿಯ ಕೆಳಗೆ ಅವರೇ ಸಹಿ ಹಾಕಿದರು. ಉಗ್ರಾಣಕ್ಕೆ ಇನ್ನೊಂದು ಮೇಜು ಬಂದಿತೆಂದು ಕಂಡಕ್ಟರ್ ಹೇಳಿದ.

ಎರಡು ತಿಂಗಳು ಕಳೆದಿರಬೇಕು. ಮೂಗೂರಿನಿಂದ ಒಂದು ಕಾರ್ಡು ಬಂತು. ಅದೇ ದುಂಡಗಿನ ಅಕ್ಷರ. ಈ ಸಲ ಸಹಿಯೂ ಮಾವನದೇ.

“ಮಾನ್ಯರೇ, ನನ್ನ ಧರ್ಮಪತ್ನಿ ಮತ್ತು ಸೊಸೆ ಇಬ್ಬರೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತಮ್ಮ ಕಾಲೇಜಿನಲ್ಲಿರುವುದರಿಂದ ಮನೆಯಲ್ಲಿ ನನಗೆ ಕಾಫಿ ಕೊಡುವವರು ಇರುವುದಿಲ್ಲ. ಆದಕಾರಣ ಇಬ್ಬರಲ್ಲಿ ಯಾರಾದರೊಬ್ಬರಿಗೆ, ವಾರಕ್ಕೆ ಒಂದು ದಿನವಾದರೂ, ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.”

ಎರಡು ಸಲ ಓದಿದೆ. ಡ್ರಾಯರು ಎಳೆದು ಉಳಿದ ಕಾರ್ಡುಗಳ ಮೇಲಿಟ್ಟೆ. ಉತ್ತರ ಬರೆಯಲಿಲ್ಲ.