ಎರಡು ಕಡ್ಡಿ, ಎದೆ ತುಂಬ ಅಂಜಿಕೆ

ಅಂಜಿದವನ ಮೇಲೆ ಕಪ್ಪೆ ಒಗೆದರಂತೆ ಎಂಬ ಗಾದೆ ಇದೆ. ನನ್ನ ಮೇಲೆ ಕಪ್ಪೆ ಬೀಳದ ವರ್ಷವೇ ಇಲ್ಲ. ಈ ವರ್ಷ ಮಾತ್ರ ಕಪ್ಪೆಯ ಬದಲು ಎರಡು ಕಡ್ಡಿ ಬಿದ್ದವು.

೧. ಹೂಂ ಅಂದ ಬಾಯಿ

ಏಳನೇ ಇಯತ್ತೆಗೆ ಶಾಲೆ ಬಿಟ್ಟವ ನಾನು. ಅಲ್ಲಿಂದ ಈ ಕಾಲು ಒಂದು ಕಡೆ ನಿಂತಿಲ್ಲ. ಗೋವಾದ ಹೋಟೆಲಿನಲ್ಲಿ ಪಾತ್ರೆ ತೊಳೆದೆ, ಲಾರಿಗೆ ಕ್ಲೀನರ್ ಆದೆ, ಲಕ್ಷ್ಮೇಶ್ವರದ ಸಂತೆಯಲ್ಲಿ ಪ್ಲಾಸ್ಟಿಕ್ ಕೊಡ ಮಾರಿದೆ, ಶಿರಹಟ್ಟಿಯಲ್ಲಿ ಟಂಟಂ ಆಟೋ ಹೊಡೆದೆ. ಹನ್ನೊಂದನೇ ಕೆಲಸ ಬಿಟ್ಟು ಮನೆಗೆ ಬಂದ ದಿನ ಹೆಂಡತಿ ಚೀಲ ತುಂಬಿಕೊಂಡಳು.

"ಒಂದ ಕೆಲಸದಾಗ ಕಾಲೂರಿ ನಿಂತ ಮ್ಯಾಲೆ ಕರಿಯಾಕ ಬರ್ರಿ. ಅಲ್ಲೀತನಕ ನಾ ಯಳವತ್ತ್ಯಾಗ ನಮ್ಮವ್ವನ ಮನ್ಯಾಗ ಇರತೇನಿ."

ಅವಳು ಹೋದ ಮೇಲೆ ನನಗೆ ಖರೆ ಅಂಜಿಕೆ ಹತ್ತಿತು. ಇವಳು ಬರದೇ ಹೋದರೆ? ಮುಂಡರಗಿ ಕಡೆ ಕರೆಂಟು ತೆಗೆಯುವ ಗಾಳಿ ಫ್ಯಾನು ನೋಡಿಕೊಳ್ಳುವ ಕಂಪನಿಗೆ ಡ್ರೈವರ್ ಬೇಕಂತೆ ಎಂದು ಕೇಳಿ ಗದುಗಿನ ಆಫೀಸಿಗೆ ಓಡಿದೆ. ಮ್ಯಾನೇಜರು ನನ್ನ ಲೈಸೆನ್ಸನ್ನು ಮುಟ್ಟಲೂ ಇಲ್ಲ.

"ಜಪಾನಿನ ಎಂಜಿನಿಯರ್ ಸಾಹೇಬ್ರು ಬಂದಾರ. ಡಬ್ಬಿ ಬಿಚ್ಚಿ ಕಡ್ಡೀಲೆ ಉಣ್ಣಾಕ ಕುಂತ್ರ, ನಮ್ಮ ಡ್ರೈವರ್‌ಗೋಳು ದೊಡ್ಡಾಟ ನೋಡಿದಂಗ ಬಾಯಿ ತಕ್ಕೊಂಡ ನೋಡತಾವ. ಸಾಹೇಬ್ರಿಗೆ ತುತ್ತು ಇಳಿವಲ್ದು. ಅವರ ಜೋಡಿ ಕುಂತು, ಅವರಂಗ ಉಣ್ಣಾಂವ ಬೇಕು. ಚಾಪ್‌ಸ್ಟಿಕ್ ಬರತೈತೇನು ನಿನಗ?"

"ಗೋವಾದಾಗ ಎರಡ ವರ್ಷ ಅದರಾಗ ಇದ್ದೆನ್ರಿ ಸರ್."

ಸುಳ್ಳಲ್ಲ. ಎರಡು ವರ್ಷ ಅವನ್ನು ತೊಳೆದಿದ್ದೆ.

"ಹಂಗಾರ ಬರೂ ಸೋಮವಾರ ಊಟಕ್ಕ ಬಾ. ಉಂಡು ತೋರಿಸಿದ್ರ ಕೆಲಸ ಪಕ್ಕಾ."

ಡ್ರೈವರ್ ಕೆಲಸಕ್ಕೆ ಊಟದ ಪರೀಕ್ಷೆಗೆ ಕೂತವ ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು.

೨. ಒಂದೇ ಅಳತೆಯ ಜೋಡಿ

ಮೊದಲು ಕಡ್ಡಿ ಬೇಕಲ್ಲ. ಅಂಗಡಿಯಲ್ಲಿ ಸಿಕ್ಕ ಸ್ಟೀಲಿನವು ಎಣ್ಣೆ ಹಚ್ಚಿದಂತೆ ಜಾರಿದವು. ಪ್ಲಾಸ್ಟಿಕ್ಕಿನವು ಆಲೂಗಡ್ಡೆ ಹಿಡಿದರೆ ಬಾಗಿದವು. ಗೋವಾದಲ್ಲಿ ತೊಳೆದ ಅನುಭವ ಇತ್ತಲ್ಲ, ಒಳ್ಳೆಯವು ಯಾವುವೆಂದು ನನಗೆ ಗೊತ್ತಿತ್ತು. ಬಿದಿರಿನವೇ ಆಗಬೇಕು. ಹಿಡಿಯುವ ಕಡೆ ಚೌಕ ಇದ್ದರೆ ಉರುಳುವುದಿಲ್ಲ, ತುದಿ ಒರಟಿದ್ದರೆ ಕಾಳು ಜಾರುವುದಿಲ್ಲ.

ಬೆಟಗೇರಿಯಲ್ಲಿ ಬಿದಿರಿನ ಬುಟ್ಟಿ ಹೆಣೆಯುವ ಮುದುಕನ ಹತ್ತಿರ ಹೋದೆ. ಯಾರಾದರೂ ಕೇಳಿ ನಕ್ಕಾರು ಎಂಬ ಅಂಜಿಕೆಗೆ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ: "ಅಜ್ಜಾ, ಎರಡು ಬಿದಿರು ಬೇಕಾಗಿತ್ರಿ. ಜಲ್ದಿ ಬೇಕು."

ನಮ್ಮ ಕಡೆ ಮುಖ ಬಾಡಿಸಿಕೊಂಡು ಬಂದು ಅವಸರದಲ್ಲಿ ಎರಡು ಬಿದಿರು ಕೇಳಿದರೆ ಅದು ಚಟ್ಟಕ್ಕೆ. ಮುದುಕ ಕೈಯ ಕೆಲಸ ಬಿಟ್ಟು ಎದ್ದು ನಿಂತ.

"ಯಾರಿಗಪಾ?"

"ನನಗ ರೀ."

ಅವನ ಕೈಯ ಕತ್ತಿ ಕೆಳಗೆ ಬಿತ್ತು. "ನಿನಗ? ಯಾವಾಗ?"

"ಸೋಮವಾರ್ರಿ."

"ಡಾಕ್ಟರ್ ಹೇಳ್ಯಾರೇನು?"

"ಇಲ್ರಿ, ಮ್ಯಾನೇಜರ್ ಹೇಳ್ಯಾರ."

ಆಗ ನನಗೆ ವಿಷಯ ಹೊಳೆಯಿತು. "ಅಷ್ಟು ಉದ್ದಂದು ಅಲ್ರಿ ಅಜ್ಜಾ! ಒಂದ ಗೇಣಿಂದು ಸಾಕು!"

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದ: "ಒಂದ ಗೇಣಿನ ಚಟ್ಟದ ಮ್ಯಾಲೆ ಯಾರನ್ನ ಒಯ್ತೀಯೋ, ಇಲೀನ?"

೩. ಮೊಬೈಲಿನ ಮಾಸ್ತರ

ಮುದುಕ ಸೀಳಿಕೊಟ್ಟ ಕಡ್ಡಿ ಹಿಡಿದು ಮನೆಗೆ ಬಂದು, ಮೊಬೈಲಿನಲ್ಲಿ ಕಡ್ಡಿಯಿಂದ ಉಣ್ಣುವ ವಿಡಿಯೋ ಹಚ್ಚಿ ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಅದರೊಳಗಿನವ ನನ್ನ ಎದುರಿಗೇ ಕುಂತು ಕಲಿಸುತ್ತಿದ್ದ. ಅವನ ಕೈ ಯಾವ ಕಡೆಯೋ ನನ್ನ ಕೈ ಆ ಕಡೆ. ಕೆಳಗಿನ ಕಡ್ಡಿ ಅಲ್ಲಾಡಬಾರದು, ಮೇಲಿನದಷ್ಟೇ ಆಡಬೇಕು. ನನ್ನವು ಎರಡೂ ಆಡಿದವು. ಶೇಂಗಾ ಕಾಳು ಹಾರಿ ಹಾರಿ ಅವ್ವನ ಕುಣಿಮಗ್ಗದೊಳಗೆ ಬಿದ್ದವು. ಅವ್ವ ನೇಯುತ್ತಲೇ ಒಂದೊಂದನ್ನು ಹುಡುಕಿ ತಿಂದಳು.

ನಿದ್ದೆಯಲ್ಲೂ ಮ್ಯಾನೇಜರು ಬಂದು "ಉಣ್ಣು, ಉಣ್ಣು" ಎಂದು ಹೆದರಿಸುತ್ತಿದ್ದರು. ಅಂತೂ ಭಾನುವಾರ ಹತ್ತಕ್ಕೆ ಹತ್ತು ಕಾಳು ಬಾಯಿಗೆ ಬಂದವು. ಅವ್ವನನ್ನು ಕರೆದು ತೋರಿಸಿದೆ. ಅವಳು ಕಡ್ಡಿ ಕಸಿದುಕೊಂಡು, ಕಲಿಯದೆಯೇ, ನೆಲದ ಮೇಲಿದ್ದ ಒಂದು ಜೋಳದ ಕಾಳನ್ನು ಎತ್ತಿಬಿಟ್ಟಳು.

"ಹರದ ಎಳಿ ಹಿಡದು ಗಂಟ ಹಾಕೂ ಕೈ ಇದು. ಇದಕ್ಕ ಎಂಟ ದಿನಾ ಬೇಕಾತೇನು ನಿನಗ?" ಅಂದವಳು ನನ್ನ ಕೈ ನೋಡಿ ಹುಬ್ಬು ಗಂಟು ಹಾಕಿದಳು. "ಅಲ್ಲೋ, ಎಡಗೈಲೆ ಯಾಕ ಉಣ್ಣಾಕತ್ತೀ, ಅಸಹ್ಯ?"

"ಅದರಾಗ ಹಂಗ ತೋರಿಸ್ಯಾರಬೇ."

"ಅಂವ ನಿನ್ನ ಎದುರಿಗೆ ಕುಂತಾನೋ, ಬಗಲಾಗ ಕುಂತಾನೋ?"

ಮೊಬೈಲು ನೋಡಿದೆ. ನನ್ನ ಕೈ ನೋಡಿದೆ. ಅವನ ಬಲಗೈ ನೋಡಿ, ಕನ್ನಡಿಯೊಳಗಿನಂತೆ ಎಡಗೈಯಲ್ಲಿ ಕಲಿತುಬಿಟ್ಟಿದ್ದೆ. ಬೆಳಗಾದರೆ ಸೋಮವಾರ. ಎಡಗೈ ಪಾಸಾಗಿತ್ತು. ಬಲಗೈ ನನ್ನ ಹಾಗೆಯೇ ಶಾಲೆ ಬಿಟ್ಟಿತ್ತು.

೪. ಪರೀಕ್ಷೆ

ಮುಂಡರಗಿಯ ಆಚೆ ಫ್ಯಾನಿನ ಕೆಳಗೊಂದು ಶೆಡ್ಡು, ಶೆಡ್ಡಿನಲ್ಲಿ ಇಬ್ಬರಿಗಷ್ಟೇ ಹಿಡಿಸುವ ಒಂದೇ ಬೆಂಚು. ಸಾಹೇಬರ ಬಲಕ್ಕೆ ನನ್ನನ್ನು ಕೂರಿಸಿದರು. ಅವರದು ಬಲಗೈ, ನನ್ನದು ಎಡಗೈ. ಇಬ್ಬರೂ ಒಮ್ಮೆಲೇ ಕೈ ಎತ್ತಿದೆವು, ಮೊಣಕೈಗೆ ಮೊಣಕೈ ಬಡಿಯಿತು, ಅವರ ತುತ್ತು ಅವರ ಅಂಗಿಯ ಮೇಲೆ ಬಿತ್ತು.

ಸಾಹೇಬರು ತಾವೇ ತಪ್ಪು ಮಾಡಿದವರಂತೆ ತಲೆ ಬಾಗಿಸಿದರು. ನಾನೂ ಹೆದರಿ ತಲೆ ಬಾಗಿಸಿದೆ. ತಲೆಗೆ ತಲೆ ಬಡಿಯಿತು.

ಮ್ಯಾನೇಜರು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದರು. ನನ್ನ ಕಣ್ಣ ಮುಂದೆ ಯಳವತ್ತಿಯ ಬಸ್ಸು ಹೆಂಡತಿಯಿಲ್ಲದೆ ಬರಿದಾಗಿ ಬರುವುದು ಕಾಣುತ್ತಿತ್ತು. ಸಾಹೇಬರು ಸುಮ್ಮನೆ ಎದ್ದು ಸುತ್ತು ಹಾಕಿ ನನ್ನ ಬಲಕ್ಕೆ ಬಂದು ಕುಂತರು. ಅಲ್ಲಿಂದ ಯಾರ ಕೈಯೂ ಯಾರಿಗೂ ತಾಕಲಿಲ್ಲ. ಒಂದು ಅಗುಳೂ ಬೀಳಿಸದೆ ಉಂಡೆ. ಸಾಹೇಬರ ಡಬ್ಬಿಯೂ ಖಾಲಿಯಾಯಿತು. ಅವರು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಏನೋ ಅಂದರು.

"ಸಾಹೇಬ್ರು ಏನಂದ್ರು ಸರ್?" ಎಂದು ಕೇಳಿದೆ.

"ಕೆಲಸ ಪಕ್ಕಾ ಆತು ತಗೋ. 'ಇಷ್ಟ ದಿನಾ ಎಲ್ಲಾರೂ ನನ್ನ ನೋಡತಿದ್ರು, ಇವತ್ತ ನಾನ ಇವನ್ನ ನೋಡಕೋತ ಉಂಡೆ' ಅಂದ್ರು."

೫. ಬಿದ್ದ ಕೈ

ಹದಿನೈದು ದಿನ ಕೆಲಸ ಮಾಡಿ, ಭಾನುವಾರ ಹೆಂಡತಿಯನ್ನು ಕರೆಯಲು ಯಳವತ್ತಿಗೆ ಹೋದೆ. ಸಾಹೇಬರಿಗಿಂತ ನಾನು ಹೆಚ್ಚು ಅಂಜುವುದು ಅತ್ತೆಗೆ. ಆಕೆ ರೊಟ್ಟಿ, ಹೆಸರುಕಾಳು ಪಲ್ಲೆ ಬಡಿಸಿ ಎದುರಿಗೇ ಕುಂತಳು.

"ಈ ಸಲ ಏನ ಕೆಲಸ್ರಿ ಅಳಿಯಂದ್ರ?"

"ಕಾರ್ ಹೊಡಿಯೂದ್ರಿ ಅತ್ತಿ. ಮತ್ತ ಸಾಹೇಬ್ರ ಜೋಡಿ ಕುಂತು ಉಣ್ಣೂದು."

"ಉಣ್ಣಾಕೂ ಪಗಾರ ಕೊಡತಾರೇನ್ರಿ?"

ಏನು ಹೇಳಲಿ ಎಂದು ಯೋಚಿಸುತ್ತಿರುವಾಗ, ರೂಢಿಯಾಗಿದ್ದ ಎಡಗೈ ತಾನೇ ಮುಂದೆ ಹೋಗಿ ರೊಟ್ಟಿ ಮುರಿದು ಬಾಯಿಗೆ ತಂದಿತು.

"ಅಯ್ಯ ಶಿವನ! ಬಲಗೈಗೆ ಏನಾತ್ರಿ? ಎತ್ತರಿ ನೋಡೂಣು!"

ಆ ಕೂಗಿಗೇ ಬಲಗೈ ಥರಥರ ನಡುಗಿ, ಅರ್ಧ ಎದ್ದು, ತೊಡೆಯ ಮೇಲೆ ಬಿತ್ತು.

"ಲಕ್ವಾ ಹೊಡದೈತಿ!" ಅತ್ತೆ ಎದೆ ಎದೆ ಬಡಿದುಕೊಂಡಳು.

"ಇಲ್ರಿ ಅತ್ತಿ, ದಿನಾ ಕಾರ್ ಹೊಡಿತೇನ್ರಿ."

"ಇಂಥಾ ಕೈಲೆ? ಕೈ ಹೋದ್ರೂ ಸುಳ್ಳ ಹೇಳೂದು ಬಿಡವಲ್ರಲ್ಲ!"

ಅವತ್ತು ಅತ್ತೆಯ ಮುಂದೆ ನಾನು ಒಂದೂ ಸುಳ್ಳು ಹೇಳಿರಲಿಲ್ಲ. ಆಕೆ ಒಳಗೆ ತಿರುಗಿ ಮಗಳಿಗೆ ಗದರಿದಳು: "ಗಂಡನ ಕೈ ಬಿದ್ದೈತಿ, ನೀ ಇನ್ನ ಯಾವ ಕೆಲಸದ ದಾರಿ ಕಾಯ್ತೀ? ಚೀಲ ತುಂಬ್ಕೊ!"

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕೈ ನೋಡಿದಳು, ಮುಖ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಐದು ನಿಮಿಷದಲ್ಲಿ ಚೀಲ ಹೊರಗಿತ್ತು.

ಬಸ್ಸಿನಲ್ಲಿ ಬಲಗೈಯನ್ನು ಕಿಸೆಯಲ್ಲಿಟ್ಟುಕೊಂಡು ಕುಂತೆ. ಹೊರಗೆ ತೆಗೆದರೆ ಇಳಿದು ಹೋಗುತ್ತಾಳೋ ಏನೋ. ಎಷ್ಟು ದಿನ ಹೀಗೆ ಇಟ್ಟುಕೊಳ್ಳಲಿ? ಅಷ್ಟರಲ್ಲಿ ಬಸ್ಸು ತಗ್ಗಿಗೆ ಬಿದ್ದು ಜಿಗಿಯಿತು. ಎರಡೂ ಕೈಯಿಂದ ಮುಂದಿನ ಸೀಟಿನ ಸರಳು ಗಟ್ಟಿಯಾಗಿ ಹಿಡಿದುಬಿಟ್ಟೆ.

ಹೆಂಡತಿ ಕಿಟಕಿಯ ಹೊರಗೇ ನೋಡುತ್ತ, ತುಟಿ ಅಲ್ಲಾಡಿಸದೆ ಅಂದಳು:

"ಊರ ಗಡಿ ದಾಟೂತನಕರ ತಡೀಬಾರದೇನ್ರಿ? ಹಿಂದಿನ ಸೀಟಿನ್ಯಾಗ ನಮ್ಮ ಚಿಗವ್ವ ಕುಂತಾಳ, ಅವ್ವಗ ಹೇಳ್ಯಾಳು. ಕೈ ಕೆಳಗ ಬಿಡ್ರಿ ಮೊದಲ!"