ಸಂಘದ ಮುದ್ರೆ ಬೀಳದ ಲಕೋಟೆ

ಚಲುವಯ್ಯನವರ ಫಜೀತಿಗೆಲ್ಲ ಅವರೇ ಬರೆದ ಒಂದೂವರೆ ಪುಟದ ಲೇಖನ ಕಾರಣ. ಬರೆಯದೆ ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಹೊಳೆನರಸೀಪುರದ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರಿಗೆ ಸುಮ್ಮನಿರುವುದೊಂದು ಅಭ್ಯಾಸವಿರಲಿಲ್ಲ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕುಗಳಿಗೂ ಸೇರಿ ಒಂದು ಅಂಚೆಚೀಟಿ ಸಂಗ್ರಾಹಕರ ಸಂಘವಿದೆ. ಸದಸ್ಯರು ಹನ್ನೊಂದು ಜನ. ಸಭೆಗೆ ಬರುವವರು ಆರು, ವಡೆ ಇದೆಯೆಂದು ಗೊತ್ತಾದರೆ ಒಂಬತ್ತು. ಸಂಘಕ್ಕೆ ‘ಅಂಟು’ ಎಂಬ ನಾಲ್ಕು ಪುಟದ ಪತ್ರಿಕೆಯೂ ಉಂಟು. ಅದಕ್ಕೆ ಸಂಪಾದಕರು ಚಲುವಯ್ಯ, ಸಂಘಕ್ಕೆ ಕಾರ್ಯದರ್ಶಿ ಕೂಡ ಅವರೇ.

ರಷ್ಯಾದಲ್ಲಿ ಕಮ್ಯುನಿಸ್ಟರ ಆಳ್ವಿಕೆ ಶುರುವಾದ ಹೊಸತರಲ್ಲಿ ಅಂಚೆಚೀಟಿ ಕೂಡಿಡುವವರ ಪಾಡು ಹೇಗಿತ್ತು ಎಂದು ಅವರು ‘ಅಂಟು’ವಿನಲ್ಲಿ ಬರೆದಿದ್ದರು. ಹೊರದೇಶದ ಗೆಳೆಯನಿಗೆ ಒಂದು ಚೀಟಿ ಕಳಿಸಬೇಕೆಂದರೂ ಅಲ್ಲಿನ ಸಂಘದ ಮೂಲಕವೇ ಹೋಗಬೇಕು. ಸಂಘ ನೋಡಿ, ಲೆಕ್ಕ ಹಾಕಿ, ನೋಡಿದ್ದಕ್ಕೆ ಗುರುತಾಗಿ ತನ್ನದೊಂದು ಪುಟ್ಟ ಚೀಟಿ ಅಂಟಿಸಿ, ಆಮೇಲೆ ಬಿಡಬೇಕು. ಪಾಪ ಆ ಜನ ಎಷ್ಟು ಕಷ್ಟಪಟ್ಟರೋ ಎಂದು ಚಲುವಯ್ಯ ಮರುಗಿ ಬರೆದಿದ್ದರು. ಓದಿದ ಅಧ್ಯಕ್ಷರು, ಮಲ್ಲಿಪಟ್ಟಣದ ಚನ್ನಪ್ಪಗೌಡರು, ಆಹಾ ಎಂಥ ಶಿಸ್ತು ಎಂದುಕೊಂಡರು.

“ಚಲುವಯ್ಯನೋರೇ, ಸಂಘ ಅಂದ್ರೆ ಅದು ಕಣ್ರೀ,” ಎಂದರು ಮುಂದಿನ ಸಭೆಯಲ್ಲಿ. “ನಮ್ಮೋವು ಎಲ್ಲೆಲ್ಲಿಗೋ ಓಯ್ತವೆ, ಯಾರ್ದು ಏನು ಅಂತ ಗುರ್ತೇ ಇಲ್ಲ. ಇನ್ಮೇಲೆ ನಮ್ಮ ಸೀಲ್ ಬೀಳ್ದೆ ಒಂದ್ ಚೀಟಿನೂ ಮೂರು ತಾಲ್ಲೂಕು ದಾಟ್ಬಾರ್ದು. ಬರ್ಕಳಿ.”

ಗೌಡರು ಹೇಳಿದ ಎಷ್ಟೋ ಠರಾವುಗಳು ಹೀಗೇ ವಡೆಯ ಜೊತೆ ಕರಗಿಹೋಗಿದ್ದವು. ಇದೂ ಹಾಗೇ ಎಂದು ಚಲುವಯ್ಯ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಆದರೆ ವಾರದೊಳಗೆ ಸೀಲು ಬಂದೇಬಿಟ್ಟಿತು. ಮಾರಿ ಬಿಸ್ಕತ್ತಿನಷ್ಟು ಅಗಲ, ಸುತ್ತ ಸಂಘದ ಹೆಸರು, ನೇರಳೆ ಇಂಕು. ಒತ್ತಬೇಕಾದ್ದು ಎಲ್ಲಿ? ಎದ್ದು ಕಾಣುವ ಕಡೆ, ಅಂದರೆ ಚೀಟಿಯ ನೆತ್ತಿಯ ಮೇಲೆ. ಮೊದಲು ಸಿಕ್ಕವನು ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಾಗೇಶ. ಅವನ ಹದಿನಾರು ಭೂತಾನದ ಚೀಟಿಗಳಿಗೂ ಗೌಡರು ಪ್ರೀತಿಯಿಂದ ಒತ್ತಿಕೊಟ್ಟರು. ನಾಗೇಶ ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಚಲುವಯ್ಯನವರಿಗೆ ಭಯ ಹಿಡಿದದ್ದು ಆಗ. ಅವರ ಬಳಿ ಒಂದು ಲಕೋಟೆ ಇತ್ತು. ಅದೇ ಹೊಸ ಆಳ್ವಿಕೆಯ ಕಾಲದಲ್ಲಿ ಮಾಸ್ಕೋದ ಯಾರೋ ಸಂಗ್ರಾಹಕ ಜರ್ಮನಿಯ ಗೆಳೆಯನಿಗೆ ಕಳಿಸಿದ್ದು. ಹಿಂಬದಿಯಲ್ಲಿ ಅಲ್ಲಿನ ಸಂಘದ ಗುರುತಿನ ಚೀಟಿ ಹಾಗೇ ಉಳಿದಿತ್ತು. ಇಪ್ಪತ್ತು ವರ್ಷ ಕೂಡಿಟ್ಟ ನಾಲ್ಕು ಆಲ್ಬಂ ಕೊಟ್ಟು ಮೈಸೂರಿನ ಒಬ್ಬರಿಂದ ಅದನ್ನು ತಂದಿದ್ದರು. ಹತ್ತೊಂಬತ್ತು ಪ್ರದರ್ಶನಗಳಲ್ಲಿ ಒಂದು ಸಮಾಧಾನಕರ ಬಹುಮಾನವೂ ಬಾರದ ಮನುಷ್ಯ, ಈ ಸಲ ಹಾಸನದ ಪ್ರದರ್ಶನದಲ್ಲಿ ಇದೊಂದನ್ನೇ ನಂಬಿಕೊಂಡಿದ್ದರು. ಹೊಸ ಕಲೆ ಬಿದ್ದ ವಸ್ತುವನ್ನು ತೀರ್ಪುಗಾರರು ತಿರುಗಿಯೂ ನೋಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಹಾಸನದಲ್ಲಿ ಕೊಡಬೇಕು. ಚಲುವಯ್ಯ ಏಳಕ್ಕೇ ಲಕೋಟೆಯನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿ, ಫೈಲನ್ನು ಟವೆಲಿನಲ್ಲಿ ಸುತ್ತಿ, ಬ್ಯಾಗಿಗೆ ತುರುಕಿದರು.

“ಸೀಲ್ ಆಕಿಸ್ಕಂಡ್ರಾ?” ಹೆಂಡತಿ ಲಕ್ಷ್ಮಿದೇವಮ್ಮ ಅಡುಗೆಮನೆಯಿಂದಲೇ ಕೇಳಿದರು. “ಗೌಡ್ರು ರಾತ್ರಿನೇ ಫೋನ್ ಮಾಡಿದ್ರು. ಮಲ್ಲಿಪಟ್ಟಣದಿಂದ ಬತ್ತಾವ್ರಂತೆ, ಬಸ್‌ಸ್ಟ್ಯಾಂಡಲ್ಲೇ ಒತ್ಕೊಡ್ತಾರಂತೆ. ಎಂಟೂವರೆ ಬಸ್ಸಿಗೆ ಓಯ್ತಾರೆ ಅಂತ ನಾನೇ ಯೋಳ್ದೆ.”

“ಯಾಕೇ ಯೋಳಕ್ಕೋದೆ?”

“ಕೇಳಿದ್ರು, ಯೋಳ್ದೆ. ಸುಳ್ಳು ಯೋಳ್ಬೇಕಿತ್ತಾ?”

ಚಲುವಯ್ಯ ತಿಂಡಿಯನ್ನೂ ತಿನ್ನದೆ ಹೊರಬಿದ್ದರು. ಬಸ್‌ಸ್ಟ್ಯಾಂಡಿನ ಕಂಬದ ಮರೆಯಿಂದ ಇಣುಕಿದರೆ, ಹಾಸನದ ಬಸ್ಸು ನಿಲ್ಲುವ ಕಡೆ ಗೌಡರ ಬೊಲೆರೊ ಆಗಲೇ ನಿಂತಿದೆ. ಗೌಡರು ಬಾನೆಟ್ಟಿನ ಮೇಲೆ ಇಂಕ್ ಪ್ಯಾಡು ತೆರೆದಿಟ್ಟುಕೊಂಡು, ಸೀಲಿಗೆ ಉಫ್ ಎಂದು ಊದುತ್ತಿದ್ದಾರೆ. ಚಲುವಯ್ಯ ಪಕ್ಕದಲ್ಲಿ ಹೊರಡುತ್ತಿದ್ದ ಬಸ್ಸಿಗೆ ಬೋರ್ಡನ್ನೂ ನೋಡದೆ ಹತ್ತಿಬಿಟ್ಟರು. ಊರು ದಾಟಿದ ಮೇಲೆ ಅದು ಚನ್ನರಾಯಪಟ್ಟಣದ್ದು ಎಂದು ಕಂಡಕ್ಟರ್ ಹೇಳಿದ.

ಇರಲಿ, ಅಲ್ಲಿಂದಲೂ ಹಾಸನಕ್ಕೆ ಬಸ್ಸಿದೆ. ಹೀಗೆಂದುಕೊಂಡು ಉಸಿರು ಬಿಡುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ಕೈ ಹೆಗಲ ಮೇಲೆ ಬಿತ್ತು. ಸಂಘದ ಹಿರಿಯ ಸದಸ್ಯ, ಎದುರುಮನೆಯ ನಂಜಯ್ಯ ಮೇಷ್ಟ್ರು.

“ಏನ್ ಚಲುವಯ್ಯ, ಹಾಸನಕ್ಕೆ ಈ ಕಡೆಯಿಂದ ಹೋಗ್ತಾ ಇದೀಯಾ?”

“ಸ್ವಲ್ಪ ಸುತ್ತಾಡ್ಕಂಡು ಓಗಾನ ಅಂತ ಸಾ.”

“ಗೌಡ್ರು ನಿನ್ನೇ ಕಾಯ್ತಾವ್ರೆ ಕಣಯ್ಯ. ಪಾಪ, ತಾಳು ಹೇಳ್ತೀನಿ,” ಎಂದು ಮೇಷ್ಟ್ರು ಫೋನ್ ತೆಗೆದೇ ತೆಗೆದರು. ಪರೋಪಕಾರದ ವಿಷಯದಲ್ಲಿ ಅವರನ್ನು ತಡೆದವರು ತಾಲ್ಲೂಕಿನಲ್ಲೇ ಇಲ್ಲ. “ಹಾ, ಗೌಡ್ರೇ, ಇಲ್ಲೇ ಅವ್ನೆ. ಚನ್ನರಾಯಪಟ್ಟಣಕ್ಕೆ ಬತ್ತಾವ್ನೆ. ಹೌದು, ಬ್ಯಾಗ್ ತಬ್ಕಂಡ್ ಕೂತವ್ನೆ.”

ಚನ್ನರಾಯಪಟ್ಟಣದಲ್ಲಿ ಇಳಿಯುವಷ್ಟರಲ್ಲಿ ನಾಗೇಶ ಬಸ್ಸಿನ ಬಾಗಿಲಿಗೇ ಬಂದು ಕೈ ಹಿಡಿದುಕೊಂಡ. ಗೌಡರ ಫೋನು ಅವನಿಗೂ ಬಂದಿತ್ತು.

“ಬನ್ನಿ ಸಾ, ಟೀ ಕುಡಿಯಾನ. ಗೌಡ್ರು ಮುಕ್ಕಾಲ್ ಗಂಟೇಲಿ ಬತ್ತಾರೆ.”

“ನಾಗೇಶ, ನಿನ್ನ ಚೀಟಿಗೆ ಆದದ್ದು ನೋಡಿನೂ ನನ್ನ ಹಿಡ್ಕೊಡ್ತೀಯಲ್ಲೋ?”

“ಅದ್ಕೇ ಸಾ,” ಎಂದ ನಾಗೇಶ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ನಂದು ಮಾತ್ರ ಹಾಳಾಗಿ ನಿಮ್ದು ನೆಟ್ಟಗಿದ್ರೆ ನಂಗೆ ನಿದ್ದೆ ಬರಾಕಿಲ್ಲ.”

ಟೀ ಬಂತು. ಚಲುವಯ್ಯ ಕುಡಿದಂತೆ ಮಾಡಿ, ಶೌಚಾಲಯಕ್ಕೆ ಹೋಗಿ ಬರುತ್ತೇನೆಂದರು. ಬ್ಯಾಗ್ ಇಲ್ಲೇ ಇಡಿ ಎಂದು ನಾಗೇಶ ಕೈ ಹಾಕಿದ. ಅರವತ್ತೆರಡು ವರ್ಷದ ಚಲುವಯ್ಯ ಬ್ಯಾಗ್ ಕಿತ್ತುಕೊಂಡು ಓಡಿದ ಓಟವನ್ನು ಹೂವಿನ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಹಾಸನದ ಬಸ್ಸಿನ ಫುಟ್‌ಬೋರ್ಡಿಗೆ ಒಂದು ಚಪ್ಪಲಿಯೊಂದಿಗೆ ಹತ್ತಿದರು. ಇನ್ನೊಂದು ನಾಗೇಶನ ಪಾಲಾಯಿತು.

ಹಾಸನದ ಪ್ರದರ್ಶನದ ಹಾಲ್ ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಬಾಗಿಲ ಮೇಜಿನಲ್ಲಿ ಮಾನಸಾ ಎಂಬ ಹುಡುಗಿ ಅರ್ಜಿಗಳನ್ನು ತೆಗೆದುಕೊಳ್ಳುತ್ತಿದ್ದಳು. ಚಲುವಯ್ಯನವರ ಒಂಟಿ ಚಪ್ಪಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಲಕೋಟೆಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ತುಂಬ ಚೆನ್ನಾಗಿದೆ ಸರ್. ಇದಕ್ಕೆ ಬಹುಮಾನ ಗ್ಯಾರಂಟಿ. ಅರ್ಜಿ ಮೂರು ಕಾಪಿ ತುಂಬಿ. ಮೂರಕ್ಕೂ ನಿಮ್ಮ ಸಂಘದ ಸೀಲ್ ಬೇಕು.”

“ಸೀಲ್ ಇಲ್ದೆ ಆಗಲ್ವಾ ತಾಯಿ?”

“ಇಲ್ಲ ಸರ್. ಸೀಲ್ ಇಲ್ದೇ ಇದ್ರೆ ನೀವು ಯಾರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

ಬೆಳಗಿನಿಂದ ಯಾವುದರಿಂದ ಓಡಿದ್ದರೋ ಅದನ್ನೇ ಈಗ ಹುಡುಕಬೇಕು. ಚಲುವಯ್ಯನವರಿಗೆ ಅಳು ಬಂತು. ಫೋನ್ ತೆಗೆದು ಗೌಡರಿಗೆ ಮಾಡಿದರೆ, ರಿಂಗು ಹಾಲ್‌ನ ಒಳಗಿಂದಲೇ ಕೇಳಿಸಿತು. ನಾಗೇಶ ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ಗೌಡರು ಅರ್ಧ ದಾರಿಯಲ್ಲೇ ಬೊಲೆರೊ ತಿರುಗಿಸಿಕೊಂಡು ಬಂದು, ಮೂರನೆಯ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

“ಬಂದ್ರಾ?” ಎಂದರು ತಲೆ ಎತ್ತದೆ. “ನಾನೇನ್ ನಿಮ್ಮ ಲಕೋಟೆ ತಿಂದ್ಬುಡ್ತಿದ್ನಾ ಚಲುವಯ್ಯನೋರೇ? ಕಳ್ಳನ್ ಕಂಡಂಗೆ ಓಡೋದ್ರಲ್ಲ.”

“ತೆಪ್ಪಾಯ್ತು ಗೌಡ್ರೇ. ಅರ್ಜಿಗೆ ಎಷ್ಟ್ ಬೇಕಾದ್ರೂ ಒತ್ತಿ. ಲಕೋಟೆ ಒಂದ್ ಬಿಟ್ಬುಡಿ. ಕೈ ಮುಗೀತೀನಿ.”

“ರಷ್ಯಾದ ಸಂಘದೋರ ಗುರ್ತು ಇದ್ರೆ ಅದ್ಕೆ ಬೆಲೆ, ನಮ್ಮ ಸಂಘದ್ದು ಬಿದ್ರೆ ಹಾಳಾ? ನಮ್ದೇನ್ ಕಮ್ಮಿ?”

ಚಲುವಯ್ಯ ಮುಗಿದ ಕೈಯನ್ನು ಇಳಿಸಲಿಲ್ಲ. ಅವರ ಮುಖ ನೋಡಿ ಗೌಡರ ಮನಸ್ಸೂ ಕರಗಿತು. ಜೇಬಿನಿಂದ ಸೀಲು, ಪ್ಯಾಡು ತೆಗೆದು ಅವರ ಕೈಗೇ ಇಟ್ಟರು.

“ತಗಳಿ. ನಾನ್ ಮುಟ್ಟಾಕಿಲ್ಲ, ಹತ್ರಕ್ಕೂ ಬರಾಕಿಲ್ಲ. ಎಲ್ಲಿ ಬೇಕೋ ನೀವೇ ಒತ್ಕಳಿ.”

ಗೌಡರು ಇಷ್ಟು ದೊಡ್ಡ ಮನುಷ್ಯರು ಎಂದು ಚಲುವಯ್ಯನವರಿಗೆ ಆವತ್ತೇ ತಿಳಿದದ್ದು. ಓಡಿಬಂದು ಅರ್ಜಿ ತುಂಬಿದರು. ಮಾನಸಾ ಮೂರು ಕಾಪಿಗಳನ್ನು ಒಂದರ ಮೇಲೊಂದು ಜೋಡಿಸಿ, ತಳದಲ್ಲಿ ಲಕೋಟೆ ಇಟ್ಟು, ಎಲ್ಲವನ್ನೂ ಅವರ ಮುಂದಕ್ಕೆ ಸರಿಸಿದಳು. “ಬೇಗ ಸರ್, ಎರಡು ನಿಮಿಷ ಇದೆ.”

ಆದರೂ ಚಲುವಯ್ಯನವರಿಗೆ ಒಳಗೊಳಗೇ ಅನುಮಾನ. ಗೌಡರು ಎದ್ದು ಬಂದು ಸೀಲು ಕಿತ್ತುಕೊಂಡರೆ? ಮೂರನೆಯ ಸಾಲಿನ ಮೇಲೆ ನೆಟ್ಟ ಕಣ್ಣನ್ನು ಅವರು ಕೀಳಲಿಲ್ಲ. ಕೈಗೇನು ಕಣ್ಣು ಬೇಕಿರಲಿಲ್ಲ. ಬಲಗೈ ಪ್ಯಾಡಿಗೆ ಒತ್ತಿ ಕಾಗದಕ್ಕೆ ಕುಟ್ಟಿತು, ಎಡಗೈ ಕಾಗದವನ್ನು ಪಕ್ಕಕ್ಕೆ ಎಳೆಯಿತು. ಪ್ಯಾಡು, ಕಾಗದ, ಎಳೆತ. ಪ್ಯಾಡು, ಕಾಗದ, ಎಳೆತ. ದಿನಕ್ಕೆ ಸಾವಿರ ಲಕೋಟೆ ಕುಟ್ಟಿದ ಕೈ. ಮುಂದೆ ಏನೂ ಉಳಿಯದಿದ್ದಾಗ ಮಾತ್ರ ನಿಲ್ಲುವುದು ಅದಕ್ಕೆ ಗೊತ್ತಿತ್ತು. ಗೌಡರು ಕೂತಲ್ಲಿಂದ ಅಲುಗಲಿಲ್ಲ. ಮೇಜು ಖಾಲಿಯಾಯಿತು.

ಚಲುವಯ್ಯ ನೆಮ್ಮದಿಯಿಂದ ಈ ಕಡೆ ತಿರುಗಿದರು. ಮಾನಸಾ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಎಡಗಡೆ ನಾಲ್ಕು ಮುದ್ರೆಗಳು ಒಣಗುತ್ತಿದ್ದವು.

ಅವರು ಕುರ್ಚಿಗೆ ಕುಸಿದದ್ದನ್ನು ಕಂಡು ಗೌಡರು ಗಾಬರಿಯಿಂದ ಎದ್ದು ಬಂದರು. ಕನ್ನಡಕ ಏರಿಸಿ, ಬಗ್ಗಿ, ಲಕೋಟೆಯನ್ನು ಬಹಳ ಹೊತ್ತು ನೋಡಿದರು. ಮಾಸ್ಕೋದ ಅಂಚೆಚೀಟಿಯ ಸರಿಯಾದ ನಡುಮಧ್ಯದಲ್ಲಿ, ಒಂದಕ್ಷರವೂ ಕಲಸದೆ, ದುಂಡಗೆ ಕೂತಿತ್ತು ನೇರಳೆ ಮುದ್ರೆ. ಗೌಡರು ಚಲುವಯ್ಯನವರ ಬೆನ್ನು ಸವರಿದರು.

“ನಾನ್ ಒತ್ತಿದ್ರೆ ಇಷ್ಟ್ ನೀಟಾಗಿ ಬೀಳ್ತಿರ್ನಿಲ್ಲ ಕಣ್ರೀ.”